47ನೇ ಕಲ್ಲು: ಹಳೇ ಚರ್ಚಿನ ಅಂಗಳದಲ್ಲಿ ನಮ್ಮ ಶನಿವಾರಗಳು

ತಂತಿ ಬ್ರಷ್ ತಂದವನು ನಾನೇ. ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಹಾಗಿಲ್ಲ.

ಮೊದಲ ಶನಿವಾರ ಎಂಟು ಜನ ಸೇರಿದ್ದೆವು. ಭಾನುವಾರ ಆರಾಧನೆ ಇರುತ್ತದೆ, ಹಾಗಾಗಿ ನಮ್ಮ ಕೆಲಸಕ್ಕೆ ಶನಿವಾರ. ಹಳೇ ಚರ್ಚು, ಸುತ್ತ ಸೊಂಟದೆತ್ತರ ಹುಲ್ಲು, ಹುಲ್ಲಿನೊಳಗೆ ಒಂದೊಂದು ಕಡೆಗೆ ವಾಲಿಕೊಂಡ ಗೋರಿಕಲ್ಲುಗಳು. ಎಲ್ಲರಿಗೂ ಹುರುಪು. ಒಬ್ಬರು ಕುಡುಗೋಲು ಹಿಡಿದರು, ಇನ್ನೊಬ್ಬರು ಬಕೆಟ್ ಹಿಡಿದರು. ನಾನು ಬಾಗಿಲ ಹತ್ತಿರದ ಬಿಳಿ ಅಮೃತಶಿಲೆಯ ಕಲ್ಲಿನ ಮುಂದೆ ಮಂಡಿಯೂರಿ ಅರ್ಧ ಗಂಟೆ ಉಜ್ಜಿದೆ. ಕಪ್ಪೆಲ್ಲ ಹೋಯಿತು. ಕಲ್ಲು ಹೊಸದರ ಹಾಗೆ ಹೊಳೆಯಿತು. ಎಲ್ಲರೂ ಬಂದು ಭೇಷ್ ಅಂದರು, ಫೋಟೋ ತೆಗೆದರು.

ಎರಡು ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಕಲ್ಲಿನ ತುಂಬ ಕೂದಲೆಳೆಯಂಥ ಕಂದು ಗೆರೆಗಳು. ಬ್ರಷ್ಷಿನ ತಂತಿ ಚೂರುಗಳು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿದಿದ್ದವು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅಮೃತಶಿಲೆ ಉಕ್ಕಿನ ಮುಂದೆ ತುಂಬ ಮೆತ್ತಗಿನ ಕಲ್ಲು. ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದರ ಜಾಗ 3ರ ಆಸುಪಾಸು. ನಾನು ಕೊಳೆ ಮಾತ್ರ ತೆಗೆದಿರಲಿಲ್ಲ, ಕಲ್ಲಿನ ಮೇಲ್ಮೈಯನ್ನೂ ತೆಗೆದಿದ್ದೆ. ಅಕ್ಷರಗಳ ಅಂಚು ಮಸುಕಾಗಿತ್ತು. ಅಷ್ಟು ವರ್ಷದ ಮಳೆ ಬಿಸಿಲು ತೆಗೆಯದೆ ಬಿಟ್ಟಿದ್ದನ್ನು ನಾನು ಅರ್ಧ ಗಂಟೆಯಲ್ಲಿ ತೆಗೆದಿದ್ದೆ.

ನಮ್ಮ ಪಟ್ಟಿಯಲ್ಲಿ ಅದು 9ನೇ ಕಲ್ಲು. ಆ ಪಟ್ಟಿ ಹುಟ್ಟಿದ್ದೇ ಅದರ ದೆಸೆಯಿಂದ.

ಐದು ಶನಿವಾರ, ಬರೀ ಪೆನ್ಸಿಲ್ಲು

ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ಸರ್ವೆ ಕೆಲಸದಿಂದ ನಿವೃತ್ತರಾದವರು. ಎಲ್ಲರೂ ಅವರನ್ನು ಸರ್ವೆ ಸಾರ್ ಅಂತಲೇ ಕರೆಯುವುದು. ಗೆರೆ ಬಿದ್ದ ಕಲ್ಲನ್ನು ನೋಡಿ ಅವರು ಬೈಯಲಿಲ್ಲ. "ಇಲ್ಲಿ ಏನಿದೆ ಅಂತಲೇ ನಮಗೆ ಗೊತ್ತಿಲ್ಲ, ಆಗಲೇ ರಿಪೇರಿಗೆ ಕೂತಿದ್ದೀರಲ್ಲ" ಅಂದರು ಅಷ್ಟೆ. ಆಮೇಲೆ ಐದು ಶನಿವಾರ ಯಾರೂ ಬ್ರಷ್ ಮುಟ್ಟಲಿಲ್ಲ.

ಅದರ ಜೊತೆಗೆ ಅನುಮತಿಯ ಕೆಲಸವೂ ಆಯಿತು. ಬಾಯಿಮಾತಿನಲ್ಲಿ ಪಾದ್ರಿಗಳು ಸರಿ ಅಂದಿದ್ದರು, ಅದು ಸಾಲದು. ಚರ್ಚಿನ ಸಮಿತಿಯಿಂದ ಬರವಣಿಗೆಯಲ್ಲಿ ತೆಗೆದುಕೊಂಡೆವು. ಕಟ್ಟಡ ರಕ್ಷಿತ ಸ್ಮಾರಕದ ಪಟ್ಟಿಯಲ್ಲಿದ್ದರೆ ಒಂದು ಕಲ್ಲು ಅಲುಗಿಸುವುದಕ್ಕೂ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ. ಗೋರಿಯವರ ವಂಶದವರು ಯಾರಾದರೂ ಇದ್ದರೆ ಅವರನ್ನೂ ಕೇಳಬೇಕು. ನೆಲ ಚರ್ಚಿನದಾದರೂ ಕಲ್ಲು ಅವರ ಮನೆಯದು.

ನಕ್ಷೆ ಮಾಡಿದ ರೀತಿ ಹೀಗೆ. ಚರ್ಚಿನ ದಕ್ಷಿಣದ ಗೋಡೆಯೇ ನಮ್ಮ ಮೂಲ ಗೆರೆ. ಅದಕ್ಕೆ ಸಮಾನಾಂತರವಾಗಿ ಉದ್ದಕ್ಕೆ ಟೇಪು ಹಾಸಿ, ಅದರಿಂದ ಪ್ರತಿ ಕಲ್ಲಿಗೂ ಲಂಬವಾಗಿ ಇನ್ನೊಂದು ಟೇಪು. ಎರಡು ಅಂಕಿ ಸಿಕ್ಕಿದರೆ ಕಲ್ಲಿನ ಜಾಗ ಸಿಕ್ಕಿತು. ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಮೀಟರ್. ಕಲ್ಲಿನ ಮೇಲೆ ಬಣ್ಣದಲ್ಲಿ ನಂಬರ್ ಬರೆಯಲು ಒಬ್ಬ ಹುಡುಗ ಹೊರಟಿದ್ದ, ಓಡಿಹೋಗಿ ತಡೆದೆವು. ನಂಬರ್ ನಕ್ಷೆಯಲ್ಲಿ ಇದ್ದರೆ ಸಾಕು.

ಗೋರಿಗಳ ಸಾಲು ಗೊತ್ತಾದ ಮೇಲೆ ಅಂಗಳವೇ ಬೇರೆ ಥರ ಕಾಣಿಸತೊಡಗಿತು. ಕ್ರೈಸ್ತರ ಹಳೇ ಪದ್ಧತಿಯಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಪುನರುತ್ಥಾನದ ದಿನ ಎದ್ದು ಕೂತರೆ ಮುಖ ಸೂರ್ಯ ಹುಟ್ಟುವ ಕಡೆಗಿರಬೇಕು ಎಂಬ ನಂಬಿಕೆ. ಹಾಗಾಗಿ ತಲೆಗಲ್ಲು ಗೋರಿಯ ಪಶ್ಚಿಮದ ತುದಿಯಲ್ಲಿ ಇರುತ್ತದೆ. ಇದು ತಿಳಿದರೆ ಗುದ್ದಲಿ ಹಾಕುವಾಗ ಎತ್ತ ಹುಷಾರಾಗಿರಬೇಕು ಅನ್ನುವುದೂ ತಿಳಿಯುತ್ತದೆ. 88ನೇ ಕಲ್ಲೊಂದು ಮಾತ್ರ ಉಳಿದವಕ್ಕೆಲ್ಲ ಬೆನ್ನು ತಿರುಗಿಸಿ ನಿಂತಿದೆ. ಹಿಂದೆ ಯಾವಾಗಲೋ ಬಿದ್ದು, ಎತ್ತಿದವರು ತಿರುಗಾಮುರುಗಾ ನೆಟ್ಟಿರಬೇಕು. ಹಾಗೇ ಬಿಟ್ಟಿದ್ದೇವೆ.

ಒಟ್ಟು 143 ಕಲ್ಲು. ಅದರಲ್ಲಿ ಬರಹ ಸಲೀಸಾಗಿ ಓದಲು ಬರುತ್ತಿದ್ದದ್ದು 61.

ಉಳಿದವನ್ನು ಓದಿಸಿದ್ದು ಒಂದು ಹಳೇ ಕನ್ನಡಿ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಲ್ಲಿನ ಒಂದು ಪಕ್ಕದಿಂದ, ಕಲ್ಲಿಗೆ ಸವರಿದ ಹಾಗೆ ಹಾಯಿಸಬೇಕು. ತಗ್ಗಿನಲ್ಲೆಲ್ಲ ನೆರಳು ತುಂಬಿ, ಇಲ್ಲದ ಅಕ್ಷರಗಳು ಎದ್ದು ಬರುತ್ತವೆ. ಮೊದಲ ಸಲ ನೋಡಿದಾಗ ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಸೀಮೆಸುಣ್ಣ ಉಜ್ಜಿದರೆ ಚೆನ್ನಾಗಿ ಕಾಣುತ್ತದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಕಾಣುತ್ತದೆ. ಆದರೆ ಪುಡಿ ರಂಧ್ರದೊಳಗೆ ಕೂತು ಬಿಡುತ್ತದೆ, ಉಜ್ಜುವಾಗ ಕಲ್ಲೂ ಸವೆಯುತ್ತದೆ. ಹಿಟ್ಟು ಹಚ್ಚುವವರೂ ಇದ್ದಾರೆ. ಅದು ಬೂಷ್ಟಿಗೆ ಊಟ ಹಾಕಿದ ಹಾಗೆ.

ಬರಹ ನಕಲು ಮಾಡುವಾಗ ನಮ್ಮ ನಿಯಮ: ಕಲ್ಲಿನಲ್ಲಿ ಇದ್ದದ್ದು ಇದ್ದ ಹಾಗೆ. ಕೆತ್ತಿದವನು ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿದ್ದರೆ ನಮ್ಮ ಪುಸ್ತಕದಲ್ಲೂ ಬಿಟ್ಟಿರುತ್ತದೆ. ಸಾಲು ಮುರಿದಲ್ಲಿ ಒಂದು ಓರೆ ಗೆರೆ, ಸಂಶಯ ಇದ್ದ ಅಕ್ಷರಕ್ಕೆ ಚೌಕ ಕಂಸ. ಚಿತ್ರಗಳನ್ನೂ ಬರೆದುಕೊಂಡೆವು. ಲಂಗರು ಅಂದರೆ ಭರವಸೆ. ಮುರಿದ ಕಂಬ ಅಂದರೆ ನಡುವಯಸ್ಸಿನಲ್ಲೇ ಮುಗಿದ ಬದುಕು. ಕುರಿಮರಿ ಇದ್ದರೆ ಬಹುಮಟ್ಟಿಗೆ ಮಗುವಿನ ಗೋರಿ.

47ನೇ ಕಲ್ಲಿನಲ್ಲಿ ಕುರಿಮರಿ ಇದೆ ಅಂತ ಗೊತ್ತಾದದ್ದು ಕನ್ನಡಿಯಿಂದಲ್ಲ. ನಮ್ಮ ಜೊತೆ ರಸಾಯನಶಾಸ್ತ್ರ ಓದುವ ಕಾಲೇಜು ಹುಡುಗಿಯೊಬ್ಬಳಿದ್ದಾಳೆ. ಕ್ಯಾಮೆರಾವನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಕಲ್ಲಿನ ಪಕ್ಕ ಹೊಳೆಯುವ ಒಂದು ಕಪ್ಪು ಗೋಲಿ ಇಟ್ಟು, ಟಾರ್ಚಿನ ಬೆಳಕನ್ನು ಸುತ್ತಲೂ ಬೇರೆ ಬೇರೆ ಕೋನದಿಂದ ಹಾಯಿಸಿ ನಲವತ್ತು ಫೋಟೋ ತೆಗೆದಳು. ಗೋಲಿಯ ಮೇಲೆ ಹೊಳೆಯುವ ಚುಕ್ಕೆ ನೋಡಿ ಬೆಳಕು ಯಾವ ಕಡೆಯಿಂದ ಬಂತು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಪರದೆಯ ಮೇಲೆ ನಮಗೆ ಬೇಕಾದ ದಿಕ್ಕಿನಿಂದ ಬೆಳಕು ಬಿಟ್ಟು ನೋಡಬಹುದು. ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ 2001ರಲ್ಲಿ ತೋರಿಸಿಕೊಟ್ಟ ವಿಧಾನದಿಂದ ಬೆಳೆದದ್ದು ಇದು. ಇದಕ್ಕೆ ಬೇಕಾದ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಬರೀ ಉಬ್ಬುತಗ್ಗು ಅಂದುಕೊಂಡಿದ್ದ ಜಾಗದಲ್ಲಿ ಮಲಗಿದ ಒಂದು ಕುರಿಮರಿ, ಅದರ ಕಿವಿ ಸಹಿತ.

ತೊಳೆಯುವುದು, ತೊಳೆಯದೆ ಇರುವುದು

ಕಲ್ಲಿನ ಮೇಲಿನ ಬಿಳಿ, ಬೂದು, ಕಿತ್ತಳೆ ಬಣ್ಣದ ಮಚ್ಚೆಗಳನ್ನು ನಾವು ಕೊಳೆ ಅಂದುಕೊಂಡಿದ್ದೆವು. ಅದು ಕಲ್ಲುಹೂವು. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಒಟ್ಟಿಗೆ ಸಂಸಾರ ಮಾಡಿಕೊಂಡಿರುವ ಜೀವ. ಬೆಳೆಯುವುದು ಬಹಳ ನಿಧಾನ. ಕಲ್ಲಿಗೆ ಅಂಟಿಕೊಂಡು ಹರಡುವ ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡುವುದಿಲ್ಲ. ಅಂಗೈಯಗಲದ ಮಚ್ಚೆ ಅಂದರೆ ನಮ್ಮಲ್ಲಿ ಯಾರಿಗಿಂತಲೂ ಹಿರಿಯದಿದ್ದರೂ ಇರಬಹುದು. ಹಿಮನದಿ ಸರಿದು ಹೋದ ಬಂಡೆಗಳ ವಯಸ್ಸನ್ನು ಕಲ್ಲುಹೂವಿನ ಅಗಲ ನೋಡಿ ಅಂದಾಜು ಮಾಡುವವರು, ಅದರ ಬೆಳವಣಿಗೆಯ ವೇಗ ತಿಳಿಯಲು ಇಸವಿ ಕೆತ್ತಿದ ಗೋರಿಕಲ್ಲುಗಳ ಹತ್ತಿರವೇ ಬರುತ್ತಾರೆ. ನಾವು ಅದನ್ನು ಕೆರೆದು ಬಕೆಟ್ಟಿಗೆ ಹಾಕಲು ಹೊರಟಿದ್ದೆವು. ಅಕ್ಷರ ಪೂರ್ತಿ ಮುಚ್ಚಿದ್ದರೂ ಈಗ ಮುಟ್ಟುವುದಿಲ್ಲ.

ತೊಳೆಯಬೇಕಾದದ್ದು ಜಾರುವ ಹಸಿರು ಪಾಚಿ, ಹಕ್ಕಿ ಹಿಕ್ಕೆ, ಮಣ್ಣು. ಅದಕ್ಕೆ ಬೇಕಾದದ್ದು ನೀರು, ಮೆತ್ತಗಿನ ನಾರಿನ ಬ್ರಷ್, ತುದಿ ಚೂಪು ಮಾಡಿದ ಬಿದಿರು ಕಡ್ಡಿ. ಬೇರೇನೂ ಬೇಡ. ಮೊದಲು ಕಲ್ಲನ್ನು ಚೆನ್ನಾಗಿ ನೆನೆಸಬೇಕು. ಉಜ್ಜುವುದು ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಕೆಳಗಿನ ಒಣ ಕಲ್ಲಿನಲ್ಲಿ ಇಂಗಿ ಪಟ್ಟೆ ಬೀಳುತ್ತದೆ. ಆಸಿಡ್ ಹಾಕಿದರೆ ಅಮೃತಶಿಲೆ ಮತ್ತು ಸುಣ್ಣಕಲ್ಲು ನೊರೆಗುಟ್ಟಿ ಕರಗುತ್ತವೆ. ಬ್ಲೀಚು ಕಲ್ಲಿನೊಳಗೆ ಉಪ್ಪು ಬಿಟ್ಟು ಹೋಗುತ್ತದೆ, ಆ ಉಪ್ಪು ಒಣಗಿ ಹರಳುಗಟ್ಟಿ ಒಳಗಿನಿಂದಲೇ ಕಲ್ಲನ್ನು ಒಡೆಯುತ್ತದೆ. ರಭಸದ ನೀರಿನ ಯಂತ್ರದ ಹೆಸರನ್ನು ನಮ್ಮ ಗುಂಪಿನಲ್ಲಿ ಎತ್ತುವ ಹಾಗಿಲ್ಲ.

ಬ್ರಷ್ ಹಿಡಿಯುವ ಮುಂಚೆ ಬೆರಳ ಗೆಣ್ಣಿನಿಂದ ಕಲ್ಲನ್ನು ಮೆಲ್ಲಗೆ ತಟ್ಟಿ ನೋಡುತ್ತೇವೆ. ಡಬ್ಬಿ ತಟ್ಟಿದಂಥ ಟೊಳ್ಳು ಸದ್ದು ಬಂದರೆ ಮೇಲಿನ ಪದರ ಬಿಟ್ಟುಕೊಂಡಿದೆ ಅಂತ ಅರ್ಥ. ಅಂಗೈ ಸವರಿದರೆ ಸಕ್ಕರೆಯ ಹಾಗೆ ಕಣ ಉದುರಿದರೂ ಅಷ್ಟೆ. ಅಂಥ ಕಲ್ಲಿಗೆ ನೀರೂ ಬೇಡ. 143ರಲ್ಲಿ ನಾವು ಇಲ್ಲಿತನಕ ತೊಳೆದಿರುವುದು 26.

ಹುಲ್ಲಿನ ವಿಷಯ ಬೇಗ ಮುಗಿಸುತ್ತೇನೆ. ಹುರಿ ತಿರುಗಿಸುವ ಹುಲ್ಲು ಕತ್ತರಿಸುವ ಯಂತ್ರ ಕಲ್ಲಿಗೆ ತಾಗಿದರೆ ಬುಡದಲ್ಲಿ ಗಾಯದ ಪಟ್ಟೆ ಬೀಳುತ್ತದೆ. ಆದ್ದರಿಂದ ಕಲ್ಲಿನಿಂದ ಒಂದು ಗೇಣಿನೊಳಗೆ ಕೈಕತ್ತರಿ ಮಾತ್ರ. ಕಳೆನಾಶಕ ಹೊಡೆಯುವುದಿಲ್ಲ. ಬೇರು ಸತ್ತು ನೆಲ ಬೋಳಾದರೆ ಮಳೆಗೆ ಮಣ್ಣು ಕೊಚ್ಚಿಹೋಗಿ ಕಲ್ಲು ವಾಲುತ್ತದೆ. ಕಲ್ಲಿಗೆ ಹಬ್ಬಿದ ಬಳ್ಳಿಯನ್ನು ಎಳೆಯಬಾರದು. ಬುಡದಲ್ಲಿ ಕತ್ತರಿಸಿ, ಒಣಗಿ ತಾನೇ ಹಿಡಿತ ಬಿಡುವ ತನಕ ಕಾಯಬೇಕು. ಹಸಿಬಳ್ಳಿ ಕಿತ್ತರೆ ಅದರ ಜೊತೆ ಕಲ್ಲಿನ ಚಕ್ಕೆಯೂ ಬರುತ್ತದೆ. ಇನ್ನು ಹುಲ್ಲಿನೊಳಗೆ ಕೈ ಹಾಕುವ ಮುಂಚೆ ಕೋಲಿನಿಂದ ಬಡಿಯಿರಿ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

47ನೇ ಕಲ್ಲು

ಮರಳುಗಲ್ಲಿನ ತಲೆಗಲ್ಲು. ನೆಲದಿಂದ ಮೇಲೆ 110 ಸೆಂಟಿಮೀಟರ್ ಎತ್ತರ, 75 ಅಗಲ, 10 ದಪ್ಪ. ತೂಗುಗುಂಡು ಬಿಟ್ಟು ನೋಡಿದರೆ ತಲೆ 14 ಸೆಂಟಿಮೀಟರ್ ಮುಂದಕ್ಕೆ ಬಂದಿತ್ತು. ಸ್ವಲ್ಪ ವಾಲಿದ ಕಲ್ಲುಗಳನ್ನು ನೆಟ್ಟಗೆ ಮಾಡುವ ಹುಚ್ಚು ನಮಗಿಲ್ಲ. ಅಲುಗದಿದ್ದರೆ ವಾಲಿಕೊಂಡೇ ಇರಲಿ. ಇದು ಮಾತ್ರ ಒಂದು ಕೈಯಲ್ಲಿ ತಳ್ಳಿದರೆ ಅಲುಗುತ್ತಿತ್ತು, ಪಕ್ಕದಲ್ಲೇ ಜನ ಓಡಾಡುವ ದಾರಿ. ಗೋರಿಕಲ್ಲು ಬಿದ್ದು ಮಕ್ಕಳು ಸತ್ತದ್ದಿದೆ. ಆ ದಿನವೇ ಸುತ್ತ ಹಗ್ಗ ಕಟ್ಟಿದೆವು.

ತೂಕ ಎಷ್ಟಿರಬಹುದು? ಇಂಥ ಒಂಟಿ ಹಲಗೆ ಕಲ್ಲುಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ನೆಲದೊಳಗೆ ಇರುವುದುಂಟು. ಒಟ್ಟು ಉದ್ದ ಒಂದೂವರೆ ಮೀಟರ್ ಅಂತ ಇಟ್ಟುಕೊಂಡೆವು. 1.5 x 0.75 x 0.1, ಅಂದರೆ 0.11 ಘನ ಮೀಟರ್ ಚಿಲ್ಲರೆ. ಮರಳುಗಲ್ಲು ಘನ ಮೀಟರಿಗೆ ಸುಮಾರು 2,300 ಕಿಲೋ. ಹತ್ತಿರ ಹತ್ತಿರ 260 ಕಿಲೋ. "ನಾಲ್ಕು ಜನ ಹಿಡಿದರೆ ಎದ್ದೇಳುತ್ತೆ ಬಿಡಿ" ಅಂದವರು ಈ ಲೆಕ್ಕ ಕೇಳಿ ಸುಮ್ಮನಾದರು.

ಕಲ್ಲಿನ ನಿಜವಾದ ಕಾಯಿಲೆ ಬುಡದಲ್ಲಿತ್ತು. ಯಾರೋ ಒಳ್ಳೆಯ ಮನಸ್ಸಿನಿಂದಲೇ ಬುಡದ ಸುತ್ತ ಸಿಮೆಂಟಿನ ಕಟ್ಟೆ ಹಾಕಿದ್ದರು. ಕಲ್ಲು ಸಿಮೆಂಟಿಗಿಂತ ಹಳೆಯದು. ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತೆಗೆದುಕೊಂಡದ್ದು 1824ರಲ್ಲಿ, ಈ ಕಲ್ಲಿನ ಇಸವಿ ಅದಕ್ಕಿಂತ ಹಿಂದಿನದು. ನೆಲದ ತೇವ ಕಲ್ಲಿನೊಳಗೆ ಏರುವುದು ಸಹಜ. ಮೊದಲು ಅದು ಬುಡದಲ್ಲಿ ಸುತ್ತಲೂ ಆರಿ ಹೋಗುತ್ತಿತ್ತು. ಸಿಮೆಂಟು ಆ ದಾರಿ ಮುಚ್ಚಿತು. ನೀರು ಇನ್ನೂ ಮೇಲೇರಿ, ಕಟ್ಟೆ ಮುಗಿದ ಜಾಗದಲ್ಲಿ ಹೊರಬಂದು ಆರಿ, ತಂದ ಉಪ್ಪನ್ನು ಅಲ್ಲೇ ಬಿಟ್ಟಿತು. ಕಟ್ಟೆಯ ಮೇಲೆ ಒಂದು ಗೇಣಿನಷ್ಟು ಕಲ್ಲು ನೆನೆದ ಪುಸ್ತಕದ ಹಾಳೆಗಳ ಹಾಗೆ ಪದರ ಪದರ ಬಿಟ್ಟಿತ್ತು. ಕೆಳಗಿನ ಎರಡು ಸಾಲು ಬರಹ ಹೋದದ್ದು ಹಾಗೆ.

ಕಟ್ಟೆ ತೆಗೆಯಲು ಮೂರು ಶನಿವಾರ ಬೇಕಾಯಿತು. ಸುತ್ತಿಗೆಯಲ್ಲಿ ಬಡಿದರೆ ಪೆಟ್ಟು ಕಲ್ಲಿಗೇ ಹೋಗುತ್ತದೆ. ಹಾಗಾಗಿ ಬಡಿತ ಇಲ್ಲದೆ ಬರೀ ತಿರುಗುವ ಸಣ್ಣ ಡ್ರಿಲ್ಲಿನಲ್ಲಿ, ಕಲ್ಲಿನಿಂದ ನಾಲ್ಕು ಬೆರಳು ದೂರದಲ್ಲಿ ಸಾಲಾಗಿ ತೂತು ಕೊರೆದೆವು. ಆಮೇಲೆ ಸಣ್ಣ ಉಳಿ ಇಟ್ಟು ಹೊರಮುಖವಾಗಿ ತುಂಡು ತುಂಡೇ ಬಿಡಿಸಿದೆವು. ಕೊನೆಗೆ ಕಲ್ಲಿಗೆ ಕಚ್ಚಿಕೊಂಡಿದ್ದ ಒಂದಂಗುಲ ಸಿಮೆಂಟು ಉಳಿಯಿತು. ಮೂರು ಕಡೆ ಅದು ತಾನಾಗಿ ಕಳಚಿತು. ನಾಲ್ಕನೇ ಕಡೆ ಉಳಿ ಇಟ್ಟ ಕೂಡಲೇ ಕಲ್ಲಿನ ಚಕ್ಕೆಯೂ ಜೊತೆಗೇ ಅಲುಗಿತು. ನಮ್ಮ ಗಾರೆ ಮೇಸ್ತ್ರಿ ಕೈ ಎತ್ತಿ, "ಸಾಕು, ಅದು ಅಲ್ಲೇ ಇರಲಿ" ಅಂದರು. ಇಷ್ಟು ದೂರ ಬಂದು ಬಿಡುವುದು ಹೇಗೆ ಅಂತ ನನಗೆ ಕೈ ಕಡಿಯುತ್ತಿತ್ತು. ಆದರೆ 9ನೇ ಕಲ್ಲು ಅಲ್ಲಿಂದ ಕಾಣುತ್ತದೆ. ಬಿಟ್ಟೆವು.

ಎತ್ತಿದ ದಿನ ಮೂರು ಕಾಲಿನ ಪೈಪ್ ಸ್ಟ್ಯಾಂಡು, ಒಂದು ಟನ್ನಿನ ಚೈನ್ ಪುಲ್ಲಿ, ಚಪ್ಪಟೆ ನೈಲಾನ್ ಪಟ್ಟಿ. ಸರಪಣಿ, ಹಗ್ಗ ನೇರವಾಗಿ ಕಲ್ಲಿಗೆ ತಾಗಬಾರದು, ಅಂಚು ಒಡೆಯುತ್ತದೆ. ಪಟ್ಟಿಯ ಕೆಳಗೂ ಹಳೇ ಜಮಖಾನದ ತುಂಡು ಕೊಟ್ಟೆವು. ಬೀಳುವ ಕಡೆ ಯಾರೂ ನಿಲ್ಲುವ ಹಾಗಿಲ್ಲ. ಮಾತಾಡುವವರು ಒಬ್ಬರೇ, ಮೇಸ್ತ್ರಿ. ಕಲ್ಲು ಎರಡು ಬೆರಳು ಎದ್ದರೆ ಕೆಳಗೆ ಎರಡು ಬೆರಳು ದಪ್ಪದ ಮರದ ತುಂಡು. ಇನ್ನೆರಡು ಎದ್ದರೆ ಇನ್ನೊಂದು ತುಂಡು. ಪುಲ್ಲಿ ಕೈಕೊಟ್ಟರೂ ಕಲ್ಲು ಬೀಳುವುದು ಎರಡೇ ಬೆರಳು.

ಅಗೆದದ್ದು ಹಳೇ ಗುಂಡಿಯನ್ನು ಮಾತ್ರ, ಒಂದು ಇಂಚೂ ಹೆಚ್ಚಿಲ್ಲ. ಮೂಳೆ ಏನಾದರೂ ಕಂಡರೆ ಕೆಲಸ ನಿಲ್ಲಿಸಿ, ಮುಚ್ಚಿ, ಪಾದ್ರಿಗಳನ್ನು ಕರೆಯುವುದು, ಫೋಟೋ ತೆಗೆಯದೆ ಇರುವುದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಅಂಥದ್ದೇನೂ ಸಿಗಲಿಲ್ಲ.

ಸಿಕ್ಕಿದ್ದು ಬೇರೆ. ಕಲ್ಲಿನ ನೆಲದೊಳಗಿದ್ದ ಭಾಗ ಮಳೆ ಬಿಸಿಲು ಕಂಡಿಲ್ಲವಲ್ಲ. ಉಳಿಯ ಗುರುತುಗಳು ನಿನ್ನೆ ಮೊನ್ನೆ ಹೊಡೆದ ಹಾಗಿದ್ದವು. ಹಿಂಬದಿಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಎರಡು ಅಕ್ಷರ ಕೆತ್ತಿತ್ತು. ಒಂದು 'ಆರ್', ಅದರ ಪಕ್ಕ ಇನ್ನೊಂದು 'ಆರ್'. ಮೊದಲನೆಯದರ ಕಾಲು ಸ್ವಲ್ಪ ಮೋಟಾಗಿದೆ, ಎರಡನೆಯದರದ್ದು ನೀಟಾಗಿದೆ. ಕುಶಲಿಗ ಕೈ ಪಳಗಿಸಿಕೊಂಡದ್ದು, ಅಥವಾ ಹುಡುಗನೊಬ್ಬನಿಗೆ ಹೇಳಿಕೊಟ್ಟದ್ದು. ನಮ್ಮ ಮೇಸ್ತ್ರಿ ತುಂಬ ಹೊತ್ತು ಅದರ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಿದ್ದರು. ಫೋಟೋ ತೆಗೆದು, ಅಳತೆ ಬರೆದುಕೊಂಡು, ಮತ್ತೆ ಮಣ್ಣಿನೊಳಗೆ ಇಳಿಸಿದೆವು.

ಗುಂಡಿಗೆ ಕಾಂಕ್ರೀಟ್ ಹಾಕಲಿಲ್ಲ. ತಳಕ್ಕೆ ಸಣ್ಣ ಜಲ್ಲಿ ಹಾಕಿ ಗುದ್ದಿ, ಅದರ ಮೇಲೆ ಕಲ್ಲು ನಿಲ್ಲಿಸಿ, ಸುತ್ತ ಜಲ್ಲಿ ಮತ್ತು ಒರಟು ಮರಳನ್ನು ನಾಲ್ಕು ನಾಲ್ಕು ಬೆರಳಿನ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಮರದ ದಿಮ್ಮಿಯಿಂದ ಗುದ್ದಿದೆವು. ನೀರು ಇಳಿದು ಹೋಗುತ್ತದೆ. ಮುಂದೆ ಯಾರಾದರೂ ಮತ್ತೆ ಎತ್ತಬೇಕಾದರೆ ಅವರಿಗೆ ಡ್ರಿಲ್ಲು ಬೇಕಾಗುವುದಿಲ್ಲ. ರಸಮಟ್ಟ ಇಟ್ಟು ನೋಡಿದಾಗ ಗುಳ್ಳೆ ಒಂದು ಕೂದಲಷ್ಟು ಎಡಕ್ಕೆ. ಮೇಸ್ತ್ರಿ ಅದನ್ನು ಹಾಗೇ ಬಿಟ್ಟರು.

ಮಳೆಗಾಲ ಮುಗಿದ ಮೇಲೆ ತೂಗುಗುಂಡು ಮತ್ತೆ ಬಿಟ್ಟೆವು. ಎರಡು ಮಿಲಿಮೀಟರ್ ಸರಿದಿದೆ. ಜಲ್ಲಿ ಕೂತುಕೊಳ್ಳುವಾಗ ಅಷ್ಟು ಆಗುತ್ತದಂತೆ. ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ, ಮುಂದಿನ ವರ್ಷ ಮತ್ತೆ ನೋಡಬೇಕು.

ಪೆಟ್ಟಿಗೆ ಗೋರಿ ಮತ್ತು ಸುಣ್ಣ

102ನೆಯದು ಕಲ್ಲಿನ ಪೆಟ್ಟಿಗೆಯಂಥ ಗೋರಿ. ನೋಡಿದವರೆಲ್ಲ ದೇಹ ಅದರೊಳಗಿದೆ ಅಂದುಕೊಳ್ಳುತ್ತಾರೆ. ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಟೊಳ್ಳು. ನಾಲ್ಕು ಪಕ್ಕದ ಹಲಗೆ, ಮೇಲೊಂದು ಚಪ್ಪಡಿ, ಅಷ್ಟೆ. ದೇಹ ಕೆಳಗೆ ನೆಲದೊಳಗೆ. ಹಲಗೆಗಳನ್ನು ಮೂಲೆಯಲ್ಲಿ ಹಿಡಿದಿದ್ದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದಿದ್ದವು. ಕಬ್ಬಿಣ ತುಕ್ಕಾದರೆ ಮೊದಲಿದ್ದದ್ದರ ಹಲವು ಪಟ್ಟು ಜಾಗ ಕೇಳುತ್ತದೆ. ಜಾಗ ಸಿಗದೆ ಎರಡು ಮೂಲೆ ಸೀಳಿ, ಒಂದು ಹಲಗೆ ಹೊರಕ್ಕೆ ಬಾಗಿತ್ತು. ಮೇಸ್ತ್ರಿ ಹಳೇ ಕೊಂಡಿಗಳನ್ನು ತೆಗೆದು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅದೇ ಅಳತೆಯ ಕೊಂಡಿ ಮಾಡಿಸಿ ಕೂರಿಸಿದರು. ಸಂದು ತುಂಬುವ ಕೆಲಸ ನಮಗೆ ಬಂತು.

ಸಂದಿಗೆ ಗಾರೆ ಕಲ್ಲಿಗಿಂತ ಮೆತ್ತಗಿರಬೇಕು. ತೇವ, ಉಪ್ಪು, ಅಲುಗಾಟ ಎಲ್ಲವನ್ನೂ ಗಾರೆ ತಿನ್ನಬೇಕು, ಕಲ್ಲು ಉಳಿಯಬೇಕು. ಗಾರೆ ಹೋದರೆ ಮತ್ತೆ ಹಾಕಬಹುದು. ಸಿಮೆಂಟು ಇದನ್ನು ತಲೆಕೆಳಗು ಮಾಡುತ್ತದೆ.

ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಕಲ್ಲಿನ ತೂಕ ನೂರಕ್ಕೆ 44 ಭಾಗ ಇಳಿಯುತ್ತದೆ. ಉಳಿದದ್ದು ಸುಟ್ಟ ಸುಣ್ಣ. ಅದನ್ನು ನೀರಿಗೆ ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣಕ್ಕೆ ನೀರು ಸುರಿಯಬಾರದು, ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಕನ್ನಡಕ, ಕೈಗವಸು, ಪಕ್ಕದಲ್ಲಿ ಒಂದು ಬಿಂದಿಗೆ ಶುದ್ಧ ನೀರು, ಇಷ್ಟಿಲ್ಲದೆ ಡ್ರಮ್ಮಿನ ಹತ್ತಿರ ಯಾರನ್ನೂ ಬಿಡಲಿಲ್ಲ. ಅರಳಿದ ಸುಣ್ಣವನ್ನು ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮೂರು ತಿಂಗಳು ಹಾಗೇ ಇಟ್ಟೆವು. 47ರ ಕೆಲಸ ನಡೆದದ್ದು ಈ ಮೂರು ತಿಂಗಳಲ್ಲೇ. ಮುಚ್ಚಳ ತೆಗೆದಾಗ ಸುಣ್ಣ ಬೆಣ್ಣೆಯ ಹಾಗೆ ಕರಣೆಗೆ ಅಂಟುತ್ತಿತ್ತು.

ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಮರಳು ಒರಟಾಗಿ, ದಪ್ಪ ಸಣ್ಣ ಕಣ ಎರಡೂ ಇರಬೇಕು, ಉಪ್ಪಿನಂಶ ಇರಬಾರದು. ಕಲಸುವಾಗ ಗಟ್ಟಿ ಅನ್ನಿಸಿ ನಾನು ನೀರು ಹಾಕಲು ಹೋದೆ. ಮೇಸ್ತ್ರಿ ಚೊಂಬು ಕಿತ್ತುಕೊಂಡರು. "ನೀರು ಬೇಡಪ್ಪ, ತೋಳು ಹಾಕು" ಅಂದರು. ಮರದ ಕೊರಡಿನಿಂದ ಇಪ್ಪತ್ತು ನಿಮಿಷ ಬಡಿದೆ. ಒಂದು ಹನಿ ನೀರಿಲ್ಲದೆ ಅದೇ ಗಾರೆ ಮೆತ್ತಗಾಯಿತು. ಸುಣ್ಣದೊಳಗಿನ ನೀರೇ ಬಿಟ್ಟುಕೊಳ್ಳುತ್ತದೆ.

ಹಳೇ ಗಾರೆಯನ್ನು ಸಂದಿನ ಅಗಲದ ಎರಡು ಪಟ್ಟು ಆಳಕ್ಕೆ ಕೆದಕಿ ತೆಗೆದು, ಧೂಳು ತೊಳೆದು, ಕಲ್ಲು ನೀರು ಕುಡಿಯುವುದು ನಿಲ್ಲಿಸುವ ತನಕ ನೆನೆಸಿ, ಆಮೇಲೆ ಗಾರೆ ತುರುಕಿದೆವು. ಮೊದಲ ಪಕ್ಕ ಮುಗಿಸಿದಾಗ ಮಧ್ಯಾಹ್ನ. ಒಳ್ಳೆ ಬಿಸಿಲು. ಬೇಗ ಒಣಗುತ್ತದೆ ಅಂತ ಖುಷಿಪಟ್ಟು ಮನೆಗೆ ಹೋದೆವು.

ಮುಂದಿನ ಶನಿವಾರ ಉಗುರಿನಲ್ಲಿ ಗೀರಿದರೆ ಪುಡಿ. ಇಡೀ ಪಕ್ಕ ಹಿಟ್ಟಾಗಿತ್ತು.

ಸುಣ್ಣ ಒಣಗಿ ಗಟ್ಟಿಯಾಗುವುದಲ್ಲ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವುದು. ಅದಕ್ಕೆ ತೇವ ಇರಲೇಬೇಕು. ಒಣಗಿಬಿಟ್ಟರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹುಡುಗಿ ಕಾಲೇಜಿನಿಂದ ಫಿನಾಲ್ಫ್ತಲೀನ್ ತಂದಿದ್ದಳು. ಉದುರಿಬಿದ್ದ ಒಂದು ಗಾರೆ ಚೂರನ್ನು ಮುರಿದು ಒಂದು ಹನಿ ಬಿಟ್ಟಳು. ಇನ್ನೂ ಸುಣ್ಣವಾಗಿಯೇ ಇರುವ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕಲ್ಲಾದ ಭಾಗ ಬಣ್ಣ ಬದಲಿಸುವುದಿಲ್ಲ. ನಮ್ಮ ಚೂರು ಅಂಚಿನಿಂದ ಅಂಚಿಗೆ ಕಡು ಗುಲಾಬಿ. ಎಲ್ಲರೂ ನಕ್ಕೆವು, ಬೇರೆ ಏನು ಮಾಡೋದು.

ಎಲ್ಲ ಕೆದಕಿ ತೆಗೆದು ಮತ್ತೆ ಹಾಕಿದೆವು. ಈ ಸಲ ಬೆಳಗ್ಗೆ ಬೇಗ, ನೆರಳಿಗೆ ತಟ್ಟಿ ಕಟ್ಟಿಕೊಂಡು, ಒಂದು ಸಲಕ್ಕೆ ಒಂದು ಬೆರಳಿಗಿಂತ ದಪ್ಪ ಇಲ್ಲದ ಹಾಗೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳದಷ್ಟು ಬಿಗಿಯಾದ ಮೇಲೆ ಗಡಸು ನಾರಿನ ಬ್ರಷ್ಷಿನ ತುದಿಯಿಂದ ಕುಟ್ಟಿದೆವು. ಹಾಗೆ ಮಾಡಿದರೆ ಗಾರೆ ಒತ್ತಾಗುತ್ತದೆ, ಮೇಲ್ಮೈ ಒರಟಾಗಿ ಗಾಳಿ ಆಡುತ್ತದೆ. ಕರಣೆಯಿಂದ ನುಣ್ಣಗೆ ತೀಡಿದರೆ ನೋಡಲು ಚಂದ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಆಮೇಲೆ ಒದ್ದೆ ಗೋಣಿತಾಟು ಹೊದಿಸಿದೆವು.

ಗೋಣಿ ಆರಬಾರದು. ಬಿಸಿಲು ಜೋರಿದ್ದರೆ ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು, ಸುರಿಯಬಾರದು. ಸಾಲದ್ದಕ್ಕೆ ಒಂದು ತಿಂಗಳಾದ ಮೇಲೂ ಗುಲಾಬಿ ಪರೀಕ್ಷೆ ಮಾಡಬೇಕಂತೆ. ಅದಕ್ಕೆ ಅಂತಲೇ ಅದೇ ಗಾರೆಯ ನಾಲ್ಕು ತುಂಡು ಪಕ್ಕದಲ್ಲಿ, ಅದೇ ಗೋಣಿಯ ಕೆಳಗೆ ಇಟ್ಟಿದ್ದೇವೆ. ಶನಿವಾರದ ಗುಂಪಿಗೆ ಈಗ ವಾರದ ಏಳೂ ದಿನ ಕೆಲಸ. ಸರ್ವೆ ಸಾರ್ ಗ್ರಾಫ್ ಹಾಳೆಯ ಹಿಂದೆ ಸರದಿ ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದ್ದಾರೆ. ಬುಧವಾರ ನನ್ನದು. ನೀರು ಚಿಮುಕಿಸುವ ಪಂಪು ಹೊಸದು, ತುದಿಯ ಜಾಲರಿ ಕಟ್ಟಿಕೊಳ್ಳುತ್ತದೆ, ಒಂದು ಸೂಜಿ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು.